ಆವಕ ಸಂಖ್ಯೆ ೪೧೨

ಮೂವರು ಬಂದರು, ಬೂಟಿನ ತುಂಬ ರಿಯೋನಿ ನದಿಯ ಕೆಸರು.
ಒಬ್ಬಳ ಕೈಯಲ್ಲಿ ಒಂದೇ ಹಾಳೆ,
ನೆನೆಯದಿರಲೆಂದು ಭೂಪಟದ ಪುಸ್ತಕದೊಳಗೆ ಇಟ್ಟು ತಂದದ್ದು.

"ಅರ್ಜಿ," ಎಂದಳು ಬಾರ್ಬರೆ.
ಇವಳ ಅಜ್ಜಿ ನನ್ನ ಜೊತೆ ಚಹಾ ಕಾರ್ಖಾನೆಯಲ್ಲಿದ್ದವಳು.
"ಏನಮ್ಮಾ, ಮದುವೆ ನೋಂದಣಿಯಾ?" ಎಂದೆ.
ನಗಲಿಲ್ಲ. ತ್ಸೊತ್ನೆ ಮಾತ್ರ ಕಿವಿಯವರೆಗೆ ಕೆಂಪಾದ.

ತೂಗುಸೇತುವೆಯ ಎರಡೂ ಬದಿಯ ಕಂಬಿಗೆ
ಬಂದ ಹಣ ಎಷ್ಟು, ಕೊಟ್ಟದ್ದು ಯಾರಿಗೆ,
ಕೆಲಸ ಮುಗಿಯಿತೆಂದು ಸಹಿ ಹಾಕಿದವರು ಯಾರು.
ಕೊನೆಗೆ: ಕಾನೂನಿನಂತೆ, ಹತ್ತು ದಿನದೊಳಗೆ.
ದಯವಿಟ್ಟು ಎಂಬುದನ್ನು ಹುಡುಕಿದೆ. ಇರಲಿಲ್ಲ.
ಮೂವತ್ತೊಂದು ವರ್ಷ ಈ ಮೇಜಿಗೆ ಬಂದ ಕಾಗದವೆಲ್ಲ
ಬೆನ್ನು ಬಾಗಿಸಿಕೊಂಡೇ ಬಂದಿತ್ತು.

ಮೊಹರು ಒತ್ತಿದೆ.
ಕೆಸೋ ಮೊಹರಿನ ಫೋಟೋ ತೆಗೆದುಕೊಂಡಳು.

"ಮಕ್ಕಳಾಟ," ಎಂದರು ಒಳಗಿನವರು,
"ಪರೀಕ್ಷೆ ಬಂದರೆ ಮರೀತಾರೆ."
ದಿನಾ ನಾಲ್ಕು ಗಂಟೆಗೆ ಬಾಗಿಲಲ್ಲಿ ಒಂದು ತಲೆ:
"ಇವತ್ತು ಆರನೇ ದಿನ, ತ್ಸಿಯಾಲಾ ಅತ್ತೆ."
ಅಷ್ಟೇ. ಬಾಗಿಲು ಮೆಲ್ಲಗೆ ಮುಚ್ಚುತ್ತಿತ್ತು.
ಕಿಟಕಿಯಲ್ಲಿ ಸಾಲಾಗಿಟ್ಟ ಪರ್ಸಿಮನ್ ಹಣ್ಣು
ತಾನೂ ದಿನ ಎಣಿಸುತ್ತ ಕೆಂಪೇರುತ್ತಿತ್ತು.

ಕಡತ ಸಿಕ್ಕಿತು, ಒಲೆಯ ಸೌದೆ ಪೆಟ್ಟಿಗೆಯ ಹಿಂದೆ.
'ಕಬ್ಬಿಣ ಬಂದಿದೆ. ಕಂಬಿ ನಿಂತಿದೆ.'
ಕೆಳಗೆ ಮೂರು ಸಹಿ.
ಮೂರನೆಯದರ ಬಾಲ ಎಷ್ಟು ಚೆಂದ, ನನ್ನದೇ.
ಆವತ್ತು ಹಿಮ. ಹಾಕು ಎಂದರು, ಹಾಕಿದೆ.
ಆಮೇಲೆ ಏಳು ಚಳಿಗಾಲ
ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದರಲ್ಲಿ ಗಾಳಿ ಹಿಡಿದು
ಅದೇ ಸೇತುವೆ ದಾಟಿ ಮನೆಗೆ ಹೋಗಿದ್ದೇನೆ.
ಇಲ್ಲದ ಕಂಬಿ ತಲುಪಿತೆಂದು ಬರೆದುಕೊಟ್ಟವಳೂ ನಾನೇ.

ಹತ್ತನೇ ದಿನ.
"ಕೆಳಗಡೆ ಒಂದು ಚೀಟಿ ಅಡ್ಡ ಇಡು," ಎಂದರು,
"ಹಳೇ ಕಾಗದ, ಸರಿಯಾಗಿ ಬರಲಿಲ್ಲ ಅಂದರಾಯಿತು."
ನಕಲು ಯಂತ್ರ ಬಿಸಿಯಾಗಲು ಹೊತ್ತು ಹಿಡಿಯಿತು.
ಚೀಟಿ ಇಟ್ಟೆ. ಮುಚ್ಚಳ ಹಾಕಿದೆ.
ಮತ್ತೆ ಮುಚ್ಚಳ ಎತ್ತಿದೆ.

ನಾಲ್ಕು ಗಂಟೆ. ಈ ಸಲ ಮೂರೂ ತಲೆ.
ಜಾವಕದ ಪುಸ್ತಕದಲ್ಲಿ ಬರೆದು, ಸಹಿ ಮಾಡಿಸಿಕೊಂಡು,
ಹಣ್ಣು ಒತ್ತಿ ನೋಡಿ ಮೂರು ಎತ್ತಿಕೊಟ್ಟೆ,
ಇನ್ನೂ ಒಗರಿರಬಹುದು ಎಂದು ಹೇಳಿಯೇ.

ಬಾರ್ಬರೆ ಹಣ್ಣು ಜೇಬಿಗಿಳಿಸಿ
ನಿಂತಲ್ಲೇ ಓದತೊಡಗಿದಳು, ಹಾಳೆಯಿನ್ನೂ ಬೆಚ್ಚಗಿತ್ತು.
ಅವಳ ಬೆರಳು ಕೆಳಗಿಳಿಯಿತು,
ಮೊದಲ ಹೆಸರು,
ಎರಡನೆಯದು.