ಐದು ಅಂಕದ ಪ್ರಶ್ನೆ

ಶನಿವಾರದ ಕೊನೆಯ ಪಿರಿಯಡ್ಡು ಮೌಲ್ಯ ಶಿಕ್ಷಣ.
ಗಣಿತ ಮುಗಿಯದಿದ್ದರೆ ಅದನ್ನೂ ಗಣಿತವೇ ನುಂಗುತ್ತದೆ.
ಈ ಸಲ ಮೇಲಿನಿಂದ ಆದೇಶ: ಪರೀಕ್ಷೆ ಮಾಡಿ,
ಅಂಕ ಕೊಡಿ, ಪಟ್ಟಿ ಕಳಿಸಿ.

ಪ್ರಶ್ನೆ ನಾಲ್ಕು. ದಾರಿಯಲ್ಲಿ ನಿನಗೊಂದು ಹಣದ ಚೀಲ ಸಿಕ್ಕಿತು.
ಏನು ಮಾಡುವೆ?

ಇಪ್ಪತ್ತೆಂಟು ಮಕ್ಕಳು ಪೊಲೀಸ್ ಠಾಣೆಗೆ ಹೋದರು.
ಒಂದೇ ಸಾಲು, ಒಂದೇ ಒತ್ತಕ್ಷರದ ತಪ್ಪು,
ಬೋರ್ಡಿನ ಮೇಲೆ ನಾನೇ ಬರೆಸಿದ್ದು.
ಐದಕ್ಕೆ ಐದು, ಐದಕ್ಕೆ ಐದು,
ಕೆಂಪು ಪೆನ್ನು ಬೈತಖೋಲದ ಇಳಿಜಾರಿನ ಸೈಕಲ್ಲಿನಂತೆ
ತಾನೇ ಓಡುತ್ತಿತ್ತು.

ಇಪ್ಪತ್ತೊಂಬತ್ತನೆಯದು
ಪ್ರಣಾಲಿ ದುರ್ಗೇಕರ, ಆರನೇ ಇಯತ್ತೆ.

‘ಸರ್, ಸಿಕ್ಕಿದ್ದು ದಾರಿಯಲ್ಲೋ ಬಲೆಯಲ್ಲೋ?
ದಾರಿಯಲ್ಲಾದರೆ ಅದು ಕಳಕೊಂಡವರದ್ದು.
ಏಂಡಿ ಬಲೆಯಲ್ಲಾದರೆ ಹಗ್ಗ ಹಿಡಿದವರಿಗೆಲ್ಲ ಪಾಲಿದೆ,
ಕೊನೆಗೆ ಬಂದು ಮುಟ್ಟಿದವರಿಗೂ.
ಆದರೆ ಪಾಕೀಟು ಮೀನಲ್ಲ.
ಹೋದ ವರ್ಷ ಪಪ್ಪಾನ ಬೋಟು ಮಗುಚಿತು.
ಪಾಕೀಟು ಮಾಜಾಳಿಯವರ ಬಲೆಗೆ ಬಂದ.
ಪಪ್ಪಾ ಬರಲಿಲ್ಲ.’

‘ಬಂದ’ದ ಸುತ್ತ ಕೆಂಪು ಸುತ್ತು ಹಾಕಿದೆ.
ಮನೆಯಲ್ಲಿ ಕೊಂಕಣಿ ಆಡುವ ಮಕ್ಕಳು,
ಕನ್ನಡದ ಲಿಂಗ ವರ್ಷವಿಡೀ ತಪ್ಪುತ್ತಾರೆ.
ಸುತ್ತು ಹಾಕಿದ ಪೆನ್ನು
ಸ್ವಲ್ಪ ಹೊತ್ತು ಅಲ್ಲೇ ನಿಂತಿತು.

‘ಒಬ್ಬ ಮುದುಕ ರಾತ್ರಿ ಹತ್ತಕ್ಕೆ ತಂದುಕೊಟ್ಟ.
ಒಳಗೆ ಆಧಾರ್ ಕಾರ್ಡು, ನನ್ನ ಎರಡನೇ ಇಯತ್ತೆಯ ಫೋಟೊ,
ನೂರಾ ನಲವತ್ತು ರೂಪಾಯಿ. ಒದ್ದೆ. ಯಾರೂ ತೆಗೆದಿರಲಿಲ್ಲ.
ಆಯಿ ಬಳೆ ಒಡೆದಳು.
ಮುದುಕ ಅಂಗಳದಲ್ಲೇ ನಿಂತಿದ್ದ,
ಅವನಿಗೆ ಯಾರೂ ನೀರು ಕೊಡಲಿಲ್ಲ.
ಮೂರನೇ ದಿನ ಪಪ್ಪಾ ಕಾಣಕೋಣದ ಬಸ್ಸಿನಲ್ಲಿ ಬಂದ,
ಯಾರದೋ ದೊಡ್ಡ ಅಂಗಿ ಹಾಕಿಕೊಂಡು.
ಗೋವಾದ ಬೋಟಿನವರು ಎಳೆದುಕೊಂಡಿದ್ದರಂತೆ.
ಮೊಬೈಲು ಸಮುದ್ರದಲ್ಲಿ. ನಮ್ಮ ನಂಬರು
ಅವನಿಗೆ ಬಾಯಿಪಾಠ ಇರಲಿಲ್ಲ. ಈಗ ಇದೆ.
ಆಯಿಗೆ ಆ ಮುದುಕನ ಮೇಲೆ ಇನ್ನೂ ಸಿಟ್ಟು,
ಮೀನು ಮಾರ್ಕೆಟ್ಟಿನಲ್ಲಿ ಕಂಡರೆ ಮುಖ ತಿರುಗಿಸುತ್ತಾಳೆ.
ಅವನು ತಪ್ಪು ಮಾಡಿಲ್ಲ. ಆಯಿಯೂ ಮಾಡಿಲ್ಲ.

ಆದ್ದರಿಂದ ಪಾಕೀಟು ಸಿಕ್ಕಿದರೆ ಕೊಡುತ್ತೇನೆ.
ರಾತ್ರಿ ಹೋಗುವುದಿಲ್ಲ.
ಮೊದಲು ಪಕ್ಕದ ಮನೆಯಲ್ಲಿ ಕೇಳುತ್ತೇನೆ,
ಇವರ ಮನೆಯವರೆಲ್ಲ ಬಂದಿದ್ದಾರಾ ಎಂದು.’

ಮಾದರಿ ಉತ್ತರದ ಹಾಳೆ ತಿರುವಿದೆ.
ಠಾಣೆಗೆ ಒಪ್ಪಿಸಿದ್ದಕ್ಕೆ ಎರಡು,
ಹಿರಿಯರಿಗೆ ತಿಳಿಸಿದ್ದಕ್ಕೆ ಎರಡು, ಅಂದದ ಬರಹಕ್ಕೆ ಒಂದು.
ಪಕ್ಕದ ಮನೆಗೆ ಅಂಕವಿಲ್ಲ.
ಅಂದವೂ, ನಿಜ ಹೇಳಬೇಕೆಂದರೆ, ಅವಳ ಬರಹದಲ್ಲಿಲ್ಲ.

ಉತ್ತರ ಪತ್ರಿಕೆಯ ಕೆಳಗೇ ಹಾಜರಿ ಪುಸ್ತಕ.
ನಾನು ಗಜೇಂದ್ರಗಡದ ಕಡೆಯವ,
ಸಮುದ್ರ ಕಂಡದ್ದೇ ನೌಕರಿ ಸಿಕ್ಕ ಮೇಲೆ.
ಬೋಟುಗಳು ಒಟ್ಟಿಗೆ ಬಂದ ದಿನ ತರಗತಿ ಬರಿದಾಗುತ್ತದೆಂದು
ಬಂದ ವಾರವೇ ತಿಳಿಯಿತು.
ಖಾಲಿ ಮನೆಗಳಲ್ಲಿ ‘ಹಾ’ ಎಂದು ತುಂಬುವುದನ್ನು
ಹೆಡ್ ಮಾಸ್ತರರು ಕಲಿಸಿದರು.
ಗುರುವಾರ ಬಂದವರು ಇಪ್ಪತ್ತು, ಬರೆದದ್ದು ಇಪ್ಪತ್ತೊಂಬತ್ತು,
ಬೆಂದ ಮೊಟ್ಟೆಯೂ ಇಪ್ಪತ್ತೊಂಬತ್ತು.
ಮಿಕ್ಕದ್ದನ್ನು ಅಡುಗೆಯ ಶೇವಂತಿ
ಗೇಟಿನ ಹೊರಗೆ ನಿಲ್ಲುವ ಚಿಕ್ಕವರಿಗೆ ಸುಲಿದು ಕೊಟ್ಟಳು.
ನೋಡಿಯೂ ಸುಮ್ಮನಿದ್ದೆ.
ನಾನೂ ಒಂದು ತಿಂದೆ.

ಒಂಬತ್ತು ‘ಹಾ’ಗಳಲ್ಲಿ ಒಂದನ್ನು ತಿದ್ದಿದ್ದೇನೆ, ಅವಳದು.
ಗುರುವಾರ ಅವಳು ಧಕ್ಕೆಯ ಮೇಲೆ ತಾರ್ಲೆ ಆರಿಸುತ್ತಿದ್ದಳು.
ಮರುದಿನ ತಾನೇ ಬಂದು ಹೇಳಿದ್ದಳು,
ನಾನು ಕೇಳಿರಲಿಲ್ಲ.

ಉಳಿದ ಎಂಟು ಹಾಗೇ ಇವೆ.
ಅವಳ ಉತ್ತರಕ್ಕೆ ಅಂಕ ಇನ್ನೂ ಹಾಕಿಲ್ಲ.
‘ಬಂದ’ದ ಸುತ್ತಿನ ಕೆಂಪನ್ನು ಬ್ಲೇಡಿನಿಂದ ಕೆರೆಯಹೋಗಿ
ಹಾಳೆ ತೂತಾಯಿತು.
ತೂತಿನೊಳಗಿಂದ ಕೆಳಗಿನ ಪುಸ್ತಕದ ಒಂದು ಮನೆ ಕಾಣುತ್ತದೆ.
ಯಾರದ್ದೆಂದು
ಹಾಳೆ ಸರಿಸಿ ನೋಡಿಲ್ಲ.