ಗಾಳಿಸುದ್ದಿ

ರಾತ್ರಿ ಎಂಟೂವರೆಗೆ ವಾರ್ತೆ. ಎಂಟು ಐವತ್ತಕ್ಕೆ
ಒಬ್ದೂಲಿಯಾ ತ್ರೆವಿನ್ಯೊ, ಹಸಿರು ಗೋಡೆಯ ಮುಂದೆ.
ಹಸಿರು ತೊಡಬಾರದೆಂದು ನಾನೇ ಹೇಳಿಕೊಟ್ಟದ್ದು.
ಇಪ್ಪತ್ತೆರಡು ವರ್ಷದ ಹಿಂದೆ, ಮೊದಲ ದಿನ, ತೊಟ್ಟು ಬಂದು
ಹೊಟ್ಟೆಯಿರಬೇಕಾದಲ್ಲಿ ಮೆಕ್ಸಿಕೊ ಕೊಲ್ಲಿ ಅಲೆಯುತ್ತ
ಒಂದು ತಲೆ, ಎರಡು ಕೈ ಮಾತ್ರ
ಮಳೆಯ ವಿಚಾರ ಹೇಳಿದ್ದವು.

ಅವಳ ಹಿಂದೆ ಇರುವುದು ಬರೀ ಗೋಡೆ. ನಕ್ಷೆ ಹಾಕುವವನು ನಾನು,
ಕಂಟ್ರೋಲ್ ರೂಮಿನ ಕತ್ತಲಲ್ಲಿ, ಆರಿದ ಕಾಫಿಯ ಜೊತೆ.
ನಮ್ಮ ನಕ್ಷೆ ರಿಯೊ ಬ್ರಾವೊ ನದಿಗೆ ನಿಲ್ಲುತ್ತದೆ.
ಆಚೆ ಬೂದು ಬಣ್ಣ, ಅಲ್ಲಿ ಹವೆಯೇ ಇಲ್ಲವೆಂಬಂತೆ.
ಆಚೆಯವರ ಚಾನೆಲ್ಲಿನಲ್ಲಿ ಬೂದು ನಾವು.
ಬಿಸಿಲು ಒಂದೇ. ಇಲ್ಲಿ ನಲವತ್ತು ಡಿಗ್ರಿ,
ಸೇತುವೆ ದಾಟಿದರೆ ನೂರನಾಲ್ಕು.

ವಾರ್ತೆ ಅಂದೆನಲ್ಲ:
ಮೇಯರು ಕತ್ತರಿಸಿದ ರಿಬ್ಬನ್ನು, ಟೊಮೆಟೊ ಬೆಲೆ, ತಪ್ಪಿಸಿಕೊಂಡ ನಾಯಿ,
ಹದಿನೈದು ತುಂಬಿದ ಹುಡುಗಿಯ ಗುಲಾಬಿ ಗೌನು.
ಎಲಿಹಿಯೊ ಕ್ಯಾಮೆರಾ ಹೊತ್ತು
ಕರೆದಲ್ಲಿಗೂ ಕರೆಯದಲ್ಲಿಗೂ ಹೋಗುತ್ತಿದ್ದ ಕಾಲ ಒಂದಿತ್ತು.
ಆಮೇಲೊಂದು ಫೋನು ಬಂತು. ಸಂಪಾದಕ ಬೆನಿಗ್ನೊ
"ಹೂಂ" ಅಂದರು, ಮತ್ತೆ "ಹೂಂ" ಅಂದರು,
ರಿಸೀವರ್ ಇಟ್ಟು ಕನ್ನಡಕ ಒರೆಸಿದರು. ಒರೆಸುತ್ತಲೇ ಇದ್ದರು.
ಎಲಿಹಿಯೊ ಈಗ ಮದುವೆ ವಿಡಿಯೊ ತೆಗೆಯುತ್ತಾನೆ.
ಸ್ಟೇಷನ್ನಿನ ಮುಂಬಾಗಿಲಿಗೆ ಮೂರು ತೂತು. ಪೇಂಟರ್ ಬಂದು ಮುಚ್ಚಿದ,
ಬಣ್ಣ ಹೊಂದಲಿಲ್ಲ.

ಹಾಗಾಗಿ ನಮ್ಮ ಬೀದಿಯಲ್ಲಿ ನಡೆದದ್ದನ್ನು
ಆಚೆ ದಡದ ಚಾನೆಲ್ಲು ಹೇಳುತ್ತದೆ,
ಇಂಗ್ಲಿಷಿನಲ್ಲಿ, ಹೆಲಿಕಾಪ್ಟರಿನಿಂದ.
ನನ್ನ ಅತ್ತೆ ಆಂಟೆನಾವನ್ನು ಉತ್ತರಕ್ಕೆ ತಿರುಗಿಸಿ, ಇಳಿದು ಬಂದು,
ತನ್ನದೇ ತಾರಸಿಯನ್ನು ಆಕಾಶದಿಂದ ನೋಡಿದಳು,
ಒಣಹಾಕಿದ ಚಾದರ ಸಮೇತ.
"ಅಯ್ಯೊ, ಒಳಗೆ ತರಬೇಕಿತ್ತು."

ಮಾರ್ಚಿಯ ಒಂದು ರಾತ್ರಿ ಒಬ್ದೂಲಿಯಾ
ತೇವಾಂಶ, ಕೊಲ್ಲಿಯ ಒತ್ತಡ, ಎಲ್ಲ ಒಪ್ಪಿಸಿ ಮುಗಿಸಿ,
ಬರೆದುಕೊಟ್ಟದ್ದರಲ್ಲಿ ಇಲ್ಲದ್ದೊಂದು ಮಾತು ಹೇಳಿದಳು:
"ಬೆಳಿಗ್ಗೆ ಹಳೆ ರೈಲ್ವೆ ಗೇಟಿನ ಕಡೆ ಧೂಳುಗಾಳಿ.
ಮಕ್ಕಳಿಗೆ ಕೆಮ್ಮಿದ್ದರೆ ಶಾಲೆಗೆ ಕಳಿಸಬೇಡಿ."
ಉಪಗ್ರಹದ ಚಿತ್ರ ನನ್ನ ಮುಂದೆಯೇ ಇತ್ತು.
ಮೋಡವಿಲ್ಲ. ಎಲೆ ಅಲ್ಲಾಡುವಷ್ಟೂ ಗಾಳಿಯಿಲ್ಲ.
ನಾನು ನಕ್ಷೆಯ ಮೇಲೊಂದು ಬಾಣ ಇಟ್ಟೆ,
ರೈಲ್ವೆ ಗೇಟಿನ ಕಡೆಗೆ.

ಯಾರು ಹೇಳಿದರು ಅವಳಿಗೆ? ಕೇಳಲಿಲ್ಲ.
ಅವಳ ತಮ್ಮ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ.
ಎಲ್ಲ ಬಗೆಯ ಗಾಡಿಗಳೂ ಬರುತ್ತವೆ.
ಮಾರನೆಯ ದಿನ ಶಾಲೆಯಲ್ಲಿ ಹಾಜರಿ ಏಳು.
ಊರಿಗೆಲ್ಲ ಕೆಮ್ಮು.

ಬೇರೆ ಕಡೆ ಗಾಳಿಸುದ್ದಿಯೆಂದರೆ ನಂಬಬಾರದ್ದು.
ನಮ್ಮಲ್ಲಿ ಎಂಟೂವರೆಯ ವಾರ್ತೆಗೆ ಜನ ಪಾತ್ರೆ ತೊಳೆಯುತ್ತಾರೆ,
ಎಂಟು ಐವತ್ತಕ್ಕೆ ನಲ್ಲಿ ನಿಲ್ಲಿಸುತ್ತಾರೆ.

ಹೀಗಿರುವಾಗ ಸೆಪ್ಟೆಂಬರಿನಲ್ಲಿ ಕೊಲ್ಲಿಯಿಂದ ಒಂದು ಬಿರುಗಾಳಿ ಎದ್ದಿತು,
ನಿಜವಾದದ್ದು, ಹೆಸರಿಟ್ಟದ್ದು.
ಒಬ್ದೂಲಿಯಾ ಬಾಯಿ ತೆರೆದಳು.
ಗಾಳಿಗೆಂದು ಇದ್ದ ಮಾತುಗಳನ್ನೆಲ್ಲ
ಬೇರೆಯದಕ್ಕೆ ಖರ್ಚು ಮಾಡಿಯಾಗಿತ್ತು.
ನೇರಪ್ರಸಾರದಲ್ಲಿ ನಾಲ್ಕು ಸೆಕೆಂಡು, ನಾನು ಎಣಿಸಿದ್ದೇನೆ,
ಹಸಿರು ಗೋಡೆಯ ಮುಂದೆ ಸುಮ್ಮನೆ ನಿಂತಳು.
ಕೊನೆಗೆ, "ಇದು ಗಾಳಿಯೇ," ಅಂದಳು. "ಬರೀ ಗಾಳಿ. ಆಣೆಗೂ."

ಅರ್ಧ ಊರು ನಂಬಿ ಕಿಟಕಿಗೆ ಹಲಗೆ ಬಡಿಯಿತು.
ಇನ್ನರ್ಧ ಎಂದಿನಂತೆ ದೀಪ ಆರಿಸಿ, ಗೋಡೆಯಿಂದ ದೂರ,
ನೆಲದ ಮೇಲೆ ಮಲಗಿತು.
ತಗಡುಗಳು ಹಾರಿದವು. ಚಾನೆಲ್ ಹದಿನಾಲ್ಕರ ಬೋರ್ಡಿನಲ್ಲಿ
ನಾಲ್ಕು ಬಿದ್ದು ಹತ್ತು ಉಳಿಯಿತೆಂದು ಬೆನಿಗ್ನೊ ನಕ್ಕರು,
ವರ್ಷಗಳ ಮೇಲೆ.

ಬೆಳಿಗ್ಗೆ ಆಚೆಯವರು ತೋರಿಸಿದರು:
ಗಡಿಬೇಲಿಯ ಮುಳ್ಳುತಂತಿಗೆ, ಅವರ ಬದಿಗೆ, ಸಿಕ್ಕಿಕೊಂಡ ಚಾದರ,
ಹಳದಿ ಹೂವಿನದು. ಕೆಳಗೆ ಅಂದಿನ ಬಿಸಿಲು,
ಅವರ ಡಿಗ್ರಿಯಲ್ಲಿ.
"ನನ್ನದೇ," ಅಂದಳು ಅತ್ತೆ, ಪರದೆಗೆ ಮುಖ ತಂದು.
"ಆ ತುದಿಗೆ ತೇಪೆ ಹಾಕಿದ್ದು ನಾನೇ, ನೋಡು."