ಒಳಗೆ ಬಿಟ್ಟ ಬಟ್ಟೆ

ಡಾಕ್ಟರು ನನ್ನ ರಿಪೋರ್ಟಿನ ಬೆನ್ನಿಗೆ ಚಿತ್ರ ಬರೆದರು:
ಒಂದು ಚೀಲ, ಅದರ ಮೇಲೊಂದು ಚುಕ್ಕಿಗೆರೆ.
"ಇಷ್ಟನ್ನು ಕತ್ತರಿಸಿ ತೆಗೀತೇವೆ. ಉಳಿದದ್ದು
ಸ್ಲೀವ್ ಹಾಗೆ ಇರುತ್ತದೆ."

ಸ್ಲೀವ್!
ಇಪ್ಪತ್ತಾರು ವರ್ಷದಿಂದ ಭಾಂಡುಪಿನ ಹೆಂಗಸರಿಗೆ
ತೋಳು ಕೂರಿಸುತ್ತಿರುವವಳು ನಾನು.
ಪಫ್, ಗಿಡ್ಡ, ಮೊಣಕೈವರೆಗಿನದು, ತೋಳೇ ಇಲ್ಲದ್ದು.
ಹೊಟ್ಟೆಗೂ ಒಂದು ತೋಳುಂಟೆಂದು
ಈವರೆಗೆ ಯಾರೂ ಹೇಳಿರಲಿಲ್ಲ.

"ಒಳಗೆ ಎಷ್ಟು ಮಾರ್ಜಿನ್ ಬಿಡ್ತೀರಿ?" ಕೇಳಿದೆ.
ಅವರಿಗೆ ಅರ್ಥವಾಗಲಿಲ್ಲ.
ನನ್ನ ಅಂಗಡಿಯಿಂದ ಯಾವ ರವಕೆಯೂ
ಎರಡು ಬೆರಳು ಬಟ್ಟೆ ಒಳಗೆ ಮಡಚದೆ ಹೊರಬೀಳುವುದಿಲ್ಲ.
ಮದುವೆ, ಹೆರಿಗೆ, ಥೈರಾಯ್ಡು, ದುಃಖ, ಗಣಪತಿಯ ಮೋದಕ...
ಮೈ ಕೊಟ್ಟ ಮಾತಿಗೆ ನಿಲ್ಲುವಂಥದ್ದಲ್ಲ.
ಬಿಚ್ಚಿ ಬಿಟ್ಟುಕೊಡಲು ಏನಾದರೂ ಇರಬೇಕು.
"ಇದರಲ್ಲಿ ಬಿಚ್ಚೋದಿಲ್ಲ ಬಾಯಿ," ಎಂದರು ಡಾಕ್ಟರ್ ಕರ್ಮರ್ಕರ್, ಮೆತ್ತಗೆ.
"ತೆಗೆದದ್ದು ತೆಗೆದದ್ದೇ."

ನೂರ ಇಪ್ಪತ್ತೊಂದು ಕಿಲೊ.
ಟೇಪು ಅರವತ್ತು ಇಂಚಿಗೆ ಮುಗಿಯುತ್ತದೆ;
ಹೋದ ದಸರೆಗೆ ನಾನು ಟೇಪು ದಾಟಿದೆ.

ಲೈನಿಂಗ್ ಬಟ್ಟೆಗೆಂದು ದಾದರಿಗೆ ಹೋಗುವ ಲೋಕಲ್‌ನಲ್ಲಿ
ನಾಲ್ಕನೇ ಸೀಟು ಅಂತೊಂದುಂಟು,
ಮೂವರ ಬೆಂಚಿನ ತುದಿಗೆ ಅರ್ಧ ಕುಂಡಿ ಊರುವ ಹಕ್ಕು.
ನಾನು ಕೂತ ಬೆಂಚಿಗೆ ಆ ಹಕ್ಕಿಲ್ಲ.
ಯಾರೂ ಬಯ್ಯುವುದಿಲ್ಲ. ಎದುರು ನಿಂತವಳು
ಒಮ್ಮೆ ನನ್ನ ತೊಡೆ ನೋಡಿ, ಆಮೇಲೆ ಕಿಟಕಿ ನೋಡುತ್ತಾಳೆ,
ವಿಕ್ರೋಲಿ, ಘಾಟ್ಕೋಪರ್, ಕುರ್ಲಾ ಕಳೆದರೂ ಕಿಟಕಿಯನ್ನೇ.

ಗುಡ್ಡದ ಮೇಲಿನ ನಮ್ಮ ಚಾಳಿಗೆ ಎಂಬತ್ತನಾಲ್ಕು ಮೆಟ್ಟಿಲು.
ಮೂವತ್ತನೆಯದರಲ್ಲಿ ಫೋನು ತೆಗೆದು
ಯಾರೋ ಕರೆದಂತೆ ಹಲೋ ಎನ್ನುತ್ತೇನೆ.
ಐವತ್ತೈದರಲ್ಲಿ ಇನ್ನೊಮ್ಮೆ.
ಈ ಗಲ್ಲಿಯಲ್ಲಿ ನನಗೆ ಬರುವಷ್ಟು ಫೋನು
ನಗರಸೇವಕನಿಗೂ ಬರುವುದಿಲ್ಲ.

ಗಂಡ ಹೇಳುತ್ತಾರೆ: "ನನಗಂತೂ ನೀನು ಹೀಗೇ ಸರಿ."
ನಾನು ಕೇಳಿದ್ದು ಅದನ್ನಲ್ಲ.

ಮಾಡಿಸಿಕೊಂಡವರನ್ನು ಕೇಳು ಎಂದರು.
ಕಾಂಜೂರಿನ ಫಿಲೊಮಿನಾ ಬಂದಳು,
ವರ್ಷಕ್ಕೆ ನಲವತ್ತೆರಡು ಕಿಲೊ ಇಳಿದವಳು,
ಆರು ರವಕೆ ಚಿಕ್ಕದು ಮಾಡಿಸಲು.
ಹಿಡಿಯುತ್ತ ಹೋದೆ, ಹಿಡಿಯುತ್ತ ಹೋದೆ,
ಕೊನೆಗೆ ಹೊಸದನ್ನೇ ಹೊಲಿಸು ಮಾರಾಯ್ತಿ ಎಂದೆ.
"ಸಕ್ಕರೆ ಗುಳಿಗೆ ನಿಂತಿತು. ನೆಲದಲ್ಲಿ ಕೂರ್ತೇನೆ, ನೋಡು,"
ಎಂದು ಚಕ್ಕಳಮಕ್ಕಳ ಕೂತೇ ತೋರಿಸಿದಳು, ಚಿಂದಿಗಳ ನಡುವೆ.
ಆಮೇಲೆ ತಲೆಗೆ ಬೆರಳು ಹಾಕಿ ಎಳೆದಳು. ಕೂದಲು ಕೈಗೆ ಬಂತು.
"ತಂಗಿಯ ಮದುವೆಯೂಟ. ಮೂರು ತುತ್ತು ಸರಿ.
ನಾಲ್ಕನೆಯದಕ್ಕೆ ಬಚ್ಚಲಿಗೆ ಓಡಿದೆ.
ಹಸಿವು ಹೋಗಿದೆ ವಾರಿಜಾ, ಆಸೆ ಇಲ್ಲೇ ಇದೆ."
"ಮೊದಲೇ ಗೊತ್ತಿದ್ದರೂ ಮಾಡಿಸ್ತಿದ್ದೆಯಾ?"
ಕೊಕ್ಕೆ ಹಾಕುತ್ತ, ತೆಗೆಯುತ್ತ, ಬಹಳ ಹೊತ್ತು ಸುಮ್ಮನಿದ್ದಳು.
"ಹೂಂ," ಎಂದಳು. "ಹೊಸದು ಯಾವಾಗ ಕೊಡ್ತೀ?"
ಶುಕ್ರವಾರ, ಎಂದೆ.
ದರ್ಜಿಯ ಶುಕ್ರವಾರ ಎಂದರೇನೆಂದು ಅವಳಿಗೂ ಗೊತ್ತು.

ಗಿರಣಿ ಮುಷ್ಕರದ ವರ್ಷ ನನಗೆ ಏಳು.
ಒಂದು ಪಾವನ್ನು ಅಮ್ಮ ನಾಲ್ಕು ಮಾಡುತ್ತಿದ್ದಳು;
ನನ್ನ ಪಾಲನ್ನು ನುಂಗದೆ ದವಡೆಯಲ್ಲಿ ಇಟ್ಟುಕೊಳ್ಳುತ್ತಿದ್ದೆ,
ತಮ್ಮನದು ಮುಗಿಯಲಿ ಎಂದು.
ಆಗ ಕೂಗುತ್ತಿದ್ದ ಅದೇ ಹೊಟ್ಟೆಯ ಮುಕ್ಕಾಲು ಪಾಲನ್ನು
ಈಗ ನಾಲ್ಕು ಲಕ್ಷ ಕೊಟ್ಟು ತೆಗೆಸಬೇಕು.
ತೆಗೆದದ್ದನ್ನು ಎಲ್ಲಿ ಹಾಕುತ್ತಾರೋ, ಕೇಳಲಿಲ್ಲ.
ನಾನಾದರೆ ಚಿಂದಿಯನ್ನೂ ಎಸೆಯುವವಳಲ್ಲ,
ದಿಂಬಿಗೆ ತುಂಬುತ್ತೇನೆ.

ನಿನ್ನೆ ಶಟರು ಎಳೆದುಕೊಂಡು
ಎರಡು ಟೇಪಿಗೆ ಪಿನ್ನು ಚುಚ್ಚಿ ನನ್ನನ್ನೇ ಅಳೆದೆ.
ಗಿರಾಕಿಗಳ ಪುಸ್ತಕದಲ್ಲಿ ನನ್ನ ಹೆಸರು, ಮೊದಲ ಸಲ.
ಎದೆ, ಸೊಂಟ, ತೋಳು.
ಕೊಡುವ ದಿನದ ಜಾಗ ಖಾಲಿ.

ಇವತ್ತು ಸಂಜೆ ಐವತ್ತೈದನೇ ಮೆಟ್ಟಿಲಲ್ಲಿ
ಫೋನು ನಿಜವಾಗಿಯೇ ಬಡಿದುಕೊಂಡಿತು.
ಆಸ್ಪತ್ರೆಯ ಹುಡುಗಿ. "ಡೇಟು ಬರೆದುಕೊಳ್ಳಲಾ?"
ಉಸಿರು ಸಿಕ್ಕಮೇಲೆ ಹೇಳಿದೆ: ಶುಕ್ರವಾರ.
"ಯಾವ ಶುಕ್ರವಾರ?" ಎಂದಳು.

ಇಷ್ಟು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ.
ಮೇಲಕ್ಕೆ ಇನ್ನೂ ಇಪ್ಪತ್ತೊಂಬತ್ತು ಮೆಟ್ಟಿಲು.